ಬಚ್ಚಲಿನ ನಲ್ಲಿಯ ಹಿಡಿಕೆ, ಕಾರ್ಟ್ರಿಡ್ಜ್: ನಾವೇ ಬದಲಿಸೋಣ ಬನ್ನಿ

ಸ್ವಸಹಾಯ ಸಂಘಗಳ ತಿಂಗಳ ಪಾಠ



ಸಂಘದ ಸಭೆಗಳಲ್ಲಿ ನಾವು ಉಳಿತಾಯ, ಸಾಲ, ಹೈನುಗಾರಿಕೆ, ಮಕ್ಕಳ ಆರೋಗ್ಯ ಇವುಗಳ ಬಗ್ಗೆ ಮಾತನಾಡುತ್ತಾ ಬಂದಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಬಚ್ಚಲುಮನೆಯ ನಲ್ಲಿ ಮತ್ತು ಶವರಿನ ಹಿಡಿಕೆ ಮುರಿದರೆ, ಒಳಗಿನ ಭಾಗ ಸವೆದು ಸೋರತೊಡಗಿದರೆ, ಅದನ್ನು ನಮ್ಮ ಕೈಯಿಂದಲೇ ಹೇಗೆ ಬದಲಿಸಬಹುದು ಎಂಬುದು ಈ ತಿಂಗಳ ವಿಷಯ. "ಅಯ್ಯೋ, ಅದು ಗಂಡಸರ ಕೆಲಸ" ಅನ್ನಬೇಡಿ. ಪಾಠ ಪೂರ್ತಿ ಓದಿದ ಮೇಲೆ ನೀವೇ ಹೇಳಿ.

ಈ ಪಾಠದಿಂದ ನಾವು ಕಲಿಯುವುದು:
1. ನಲ್ಲಿಯ ಯಾವ ಭಾಗ ಕೆಟ್ಟಿದೆ ಎಂದು ಗುರುತಿಸುವುದು.
2. ಹೊಸ ಹಿಡಿಕೆ, ವಾಷರ್ ಅಥವಾ ಕಾರ್ಟ್ರಿಡ್ಜ್ ಸರಿಯಾದ ಅಳತೆಯದನ್ನೇ ತರುವುದು.
3. ಪೈಪು, ಗೋಡೆ ಹಾಳಾಗದಂತೆ ಅದನ್ನು ಬದಲಿಸುವುದು.
4. ಯಾವ ಕೆಲಸಕ್ಕೆ ನಾವು ಕೈ ಹಾಕಬಾರದು ಎಂದು ತಿಳಿಯುವುದು.

ಮಾಯಕೊಂಡದ ಒಂದು ಮನೆಯ ಮಾತು

ಮಾಯಕೊಂಡದ ಒಂದು ಸಂಘದ ಸಭೆಗೆ ಹೋಗಿದ್ದೆವು. ಒಬ್ಬ ಸಹೋದರಿ ತಡವಾಗಿ ಬಂದರು, ಮುಖ ಸಪ್ಪಗಿತ್ತು. ಏನಾಯ್ತು ಎಂದು ಕೇಳಿದ್ದಕ್ಕೆ, "ಏನು ಹೇಳ್ಲಿ ಬಿಡ್ರಿ, ರಾತ್ರಿ ಟ್ಯಾಂಕೆಲ್ಲ ಖಾಲಿ ಆಗೇತಿ. ಇವತ್ತು ನೀರು ಬಿಡೋ ದಿನಾನೂ ಅಲ್ಲ" ಅಂದರು.

ವಿಷಯ ಇಷ್ಟು. ಬಚ್ಚಲಿನ ನಲ್ಲಿಯ ಹಿಡಿಕೆ ಕೆಲವು ತಿಂಗಳ ಹಿಂದೆಯೇ ಕೆಟ್ಟಿತ್ತು. ತಿರುಗಿಸಿದರೆ ಸುಮ್ಮನೆ ಗಿರ್ರನೆ ತಿರುಗುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ. ಗೋಡೆಯ ಮೊಳೆಗೆ ಒಂದು ಇಕ್ಕಳ ನೇತು ಹಾಕಿದ್ದರು. ಬೇಕಾದವರು ಇಕ್ಕಳದಿಂದ ಕಡ್ಡಿ ಹಿಡಿದು ತಿರುಗಿಸಬೇಕು. ಮನೆಯಲ್ಲಿ ಅತ್ತೆಗೆ ವಯಸ್ಸಾಗಿದೆ, ಬೆರಳ ಗಂಟುಗಳಲ್ಲಿ ನೋವು. ರಾತ್ರಿ ಎದ್ದು ಹೋದವರಿಗೆ ನಲ್ಲಿ ಪೂರ್ತಿ ಬಂದ್ ಮಾಡಲು ಆಗಿಲ್ಲ. ಬೆಳಿಗ್ಗೆ ನೋಡಿದರೆ ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಮಗ ತಾಯಿಯ ಮೇಲೆ ಕೂಗಾಡಿದ. ಆ ಅಜ್ಜಿ, "ಇನ್ನು ನಾನು ಬಚ್ಚಲಿಗೇ ಹೋಗಲ್ಲ, ಹೊರಗೇ ಹೋಗ್ತೀನಿ" ಎಂದು ಅಳುತ್ತಾ ಕುಳಿತಿದ್ದರಂತೆ.

"ಪ್ಲಂಬರನ್ನ ಕರೆಸಲಿಲ್ವಾ?" ಎಂದು ಕೇಳಿದೆವು. "ಕರೆದ್ವಿ. ಇಷ್ಟು ಸಣ್ಣ ಕೆಲಸಕ್ಕೆ ದಾವಣಗೆರೆಯಿಂದ ಯಾರು ಬರ್ತಾರೆ? ಕೊನೆಗೆ ಒಬ್ಬರು ಬಂದು ನಲ್ಲಿ ಪೂರ್ತಿ ಬದಲಿಸಬೇಕು, ಟೈಲ್ಸ್ ಒಡೀಬೇಕಾಗ್ಬಹುದು ಅಂದ್ರು. ಆ ಖರ್ಚಿಗೆ ಹೆದರಿ ಸುಮ್ನಾದ್ವಿ."

ಸಭೆ ಮುಗಿದ ಮೇಲೆ ಹೋಗಿ ನೋಡಿದೆವು. ನಲ್ಲಿ ಚೆನ್ನಾಗಿಯೇ ಇತ್ತು. ಒಳಗಿನ ಕಡ್ಡಿಯೂ ಚೆನ್ನಾಗಿತ್ತು. ಹಿಡಿಕೆಯ ಒಳಗಿನ ಹಲ್ಲು ಮಾತ್ರ ಸವೆದು ಹೋಗಿತ್ತು. ಬದಲಿಸಬೇಕಾಗಿದ್ದು ಹಿಡಿಕೆ ಒಂದನ್ನೇ. ಅಷ್ಟು ಸಣ್ಣ ಸಾಮಾನಿಗಾಗಿ ಒಂದು ಟ್ಯಾಂಕ್ ನೀರು ಹೋಯಿತು, ಒಬ್ಬ ಹಿರಿಯ ಹೆಂಗಸಿನ ಮಾನ ಹೋದಂತಾಯಿತು. ಆಕೆಯ ತಪ್ಪು ಏನೂ ಇರಲಿಲ್ಲ.

ಈ ಪಾಠ ಬರೆಯಲು ಆ ಮನೆಯೇ ಕಾರಣ.

ಹನಿ ಹನಿ ಲೆಕ್ಕ

ನಾವು ಸಂಘದಲ್ಲಿ ಹತ್ತು ರೂಪಾಯಿಗೂ ಲೆಕ್ಕ ಇಡುತ್ತೇವೆ. ನೀರಿಗೂ ಒಂದು ಸಲ ಲೆಕ್ಕ ಹಾಕಿ ನೋಡೋಣ. ಸೋರುವ ನಲ್ಲಿಯ ಕೆಳಗೆ ಒಂದು ಲೋಟ ಅಥವಾ ತಂಬಿಗೆ ಇಟ್ಟು, ಸರಿಯಾಗಿ ಒಂದು ಗಂಟೆ ಬಿಟ್ಟು ಅಳೆಯಿರಿ. ಅರ್ಧ ಲೀಟರ್ ಆಯಿತು ಅನ್ನಿ. ದಿನಕ್ಕೆ 24 ಗಂಟೆ, ಅಂದರೆ 12 ಲೀಟರ್. ತಿಂಗಳಿಗೆ 360 ಲೀಟರ್. 15 ಲೀಟರಿನ ಕೊಡದ ಲೆಕ್ಕದಲ್ಲಿ 24 ಕೊಡ. ತಲೆಯ ಮೇಲೆ ಹೊತ್ತು ತಂದವರಿಗೆ 24 ಕೊಡ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೋಟಾರಿನಿಂದ ಟ್ಯಾಂಕಿಗೆ ಏರಿಸಿದ ನೀರಾದರೆ ಅದರ ಕರೆಂಟೂ ಸೇರಿಯೇ ಚರಂಡಿಗೆ ಹೋಗುತ್ತದೆ.

2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಹೆಸರು. ಹಳ್ಳಿಯ ಪ್ರತಿ ಮನೆಗೆ ನಲ್ಲಿ ಹಾಕಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವುದು ಅದರ ಗುರಿ. ನಿಮ್ಮ ನಲ್ಲಿ ಗಂಟೆಗೆ ಒಂದು ಲೀಟರ್ ಸೋರಿದರೆ ದಿನಕ್ಕೆ 24 ಲೀಟರ್ ಆಯಿತು. ಅಂದರೆ ಒಬ್ಬರ ಪಾಲಿನ ಹತ್ತಿರ ಹತ್ತಿರ ಅರ್ಧದಷ್ಟು ನೀರು ಯಾರಿಗೂ ಸಿಗದೆ ಹೋಯಿತು.

ನಮ್ಮ ನೀರು, ನಮ್ಮ ನಲ್ಲಿ

ಹರಿಹರದವರಿಗೆ ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ. ಮಾಯಕೊಂಡದ ಕಡೆಯ ಹಳ್ಳಿಗಳಲ್ಲಿ ಬಹಳ ಮನೆಗಳಿಗೆ ಕೊಳವೆಬಾವಿ ನೀರೇ ಗತಿ. ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಸೋಪು ಹಚ್ಚಿದರೆ ನೊರೆ ಸರಿಯಾಗಿ ಬರುವುದಿಲ್ಲ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಕರೆ ಕಟ್ಟುತ್ತದೆ. ಹಂಡೆಯಲ್ಲಿ ಕಟ್ಟುವ ಅದೇ ಸುಣ್ಣದ ಕರೆ ನಲ್ಲಿಯ ಒಳಗೂ ಕಟ್ಟುತ್ತದೆ. ಅದರಿಂದ ಹಿಡಿಕೆ ಬಿಗಿಯಾಗುತ್ತದೆ. ಬಿಗಿಯಾದ ಹಿಡಿಕೆಯನ್ನು ಜೋರಾಗಿ ತಿರುಗಿಸಿದಾಗ ಹಲ್ಲು ಸವೆಯುತ್ತದೆ, ವಾಷರ್ ಜಜ್ಜಿ ಹೋಗುತ್ತದೆ. ನೀರಿನ ಜೊತೆ ಸಣ್ಣ ಮರಳು ಬಂದರೆ ಕಾರ್ಟ್ರಿಡ್ಜಿನ ಬಿಲ್ಲೆಗಳಿಗೆ ಗೀರು ಬೀಳುತ್ತದೆ. ಆದ್ದರಿಂದ ಈ ಭಾಗಗಳನ್ನು ಆಗಾಗ ಬದಲಿಸಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಮೂರು ಬಗೆಯ ನಲ್ಲಿಗಳಿವೆ.

ಒಂದು, ಹಳೆಯ ಸ್ಕ್ರೂ ನಲ್ಲಿ. ಬಂದ್ ಮಾಡಲು ಎರಡು ಮೂರು ಸುತ್ತು ತಿರುಗಿಸಬೇಕು. ಒಳಗೆ ಒಂದು ಕಡ್ಡಿ ಇರುತ್ತದೆ, ಇದಕ್ಕೆ ಸ್ಪಿಂಡಲ್ ಅನ್ನುತ್ತಾರೆ. ಅದರ ತುದಿಯಲ್ಲಿ ಒಂದು ರಬ್ಬರ್ ವಾಷರ್. ಕಡ್ಡಿ ಕೆಳಗಿಳಿದು ವಾಷರನ್ನು ಒತ್ತಿದಾಗ ನೀರು ನಿಲ್ಲುತ್ತದೆ.

ಎರಡು, ಕಾಲು ಸುತ್ತಿನ ನಲ್ಲಿ. ಹಿಡಿಕೆಯನ್ನು ಸ್ವಲ್ಪವೇ ತಿರುಗಿಸಿದರೆ ಸಾಕು. ಇದರ ಒಳಗಿರುವುದೇ ಕಾರ್ಟ್ರಿಡ್ಜ್. ಹಿತ್ತಾಳೆಯ ಒಂದು ಚಿಕ್ಕ ಗೂಡು, ಅದರೊಳಗೆ ಪಿಂಗಾಣಿಯಂಥ ಎರಡು ನುಣುಪು ಬಿಲ್ಲೆಗಳು. ಬಿಲ್ಲೆಯ ತೂತುಗಳು ಎದುರುಬದುರಾದರೆ ನೀರು ಬರುತ್ತದೆ, ತಪ್ಪಿದರೆ ನಿಲ್ಲುತ್ತದೆ. ಶವರಿಗೆ ಗೋಡೆಯೊಳಗೆ ಕೂರಿಸುವ ಸ್ಟಾಪ್ ಕಾಕ್ ಮತ್ತು ಬಿಸಿನೀರು ತಣ್ಣೀರಿನ ಎರಡು ಹಿಡಿಕೆಯ ವಾಲ್ ಮಿಕ್ಸರ್ ಸಾಮಾನ್ಯವಾಗಿ ಈ ಎರಡು ಬಗೆಗಳಲ್ಲಿ ಒಂದಾಗಿರುತ್ತವೆ.

ಮೂರು, ಒಂದೇ ಹಿಡಿಕೆಯ ಮಿಕ್ಸರ್. ಮೇಲೆತ್ತಿದರೆ ನೀರು, ಎಡಕ್ಕೆ ಬಲಕ್ಕೆ ತಿರುಗಿಸಿದರೆ ಬಿಸಿ ತಣ್ಣಗೆ. ಇದರೊಳಗೆ ಪ್ಲಾಸ್ಟಿಕ್ ಗೂಡಿನ ಅಗಲವಾದ ಕಾರ್ಟ್ರಿಡ್ಜ್ ಇರುತ್ತದೆ. ಹೆಚ್ಚಾಗಿ ಸಿಗುವ ಅಳತೆ 35 ಮತ್ತು 40 ಮಿಲಿಮೀಟರ್.

ನಿಮಗೆ ಗೊತ್ತೇ? ಸ್ಕ್ರೂ ನಲ್ಲಿಗೆ ಇಂಗ್ಲೆಂಡಿನ ರಾದರ್‌ಹ್ಯಾಮ್ ಊರಿನಲ್ಲಿ 1845ರಲ್ಲಿ ಪೇಟೆಂಟ್ ಪಡೆಯಲಾಯಿತು. ಒಂದೇ ಹಿಡಿಕೆಯ ಮಿಕ್ಸರಿನ ಕಥೆ ಬೇರೆ. 1937ರಲ್ಲಿ ಅಮೆರಿಕದ ಅಲ್ ಮೋಯೆನ್ ಎಂಬ ವಿದ್ಯಾರ್ಥಿ ಎರಡು ಹಿಡಿಕೆಯ ನಲ್ಲಿ ತಿರುಗಿಸುವಾಗ ಕುದಿನೀರು ಬಿದ್ದು ಕೈ ಸುಟ್ಟುಕೊಂಡ. ಬಿಸಿ ತಣ್ಣಗೆ ಎರಡೂ ಒಂದೇ ಹಿಡಿಕೆಯಿಂದ ಬರುವ ಹಾಗೆ ಮಾಡಬೇಕೆಂಬ ಯೋಚನೆ ಆತನಿಗೆ ಬಂದದ್ದು ಆಗಲೇ.

ಮೊದಲು ರೋಗ ಗುರುತಿಸಿ, ಆಮೇಲೆ ಮದ್ದು

- ಬಂದ್ ಮಾಡಿದರೂ ಮೂತಿಯಿಂದ ಹನಿ ಬೀಳುತ್ತಿದೆ: ಸ್ಕ್ರೂ ನಲ್ಲಿಯಾದರೆ ವಾಷರ್ ಸವೆದಿದೆ. ಕಾಲು ಸುತ್ತಿನದಾದರೆ ಕಾರ್ಟ್ರಿಡ್ಜ್ ಅಥವಾ ಅದರ ಅಡಿಯ ರಬ್ಬರ್ ಕೆಟ್ಟಿದೆ.
- ನಲ್ಲಿ ಬಿಟ್ಟಾಗ ಹಿಡಿಕೆಯ ಬುಡದಿಂದ ನೀರು ಒಸರುತ್ತಿದೆ: ಕಡ್ಡಿಯ ಸುತ್ತಲಿನ ರಬ್ಬರ್ ಉಂಗುರ ಅಥವಾ ನೂಲಿನ ಪ್ಯಾಕಿಂಗ್ ಹೋಗಿದೆ. ಹಳೆ ನಲ್ಲಿಯಲ್ಲಿ ಕಡ್ಡಿಯ ಸುತ್ತಲಿನ ಚಿಕ್ಕ ನಟ್ಟನ್ನು ಒಂಚೂರು ಬಿಗಿ ಮಾಡಿದರೂ ಕೆಲವು ಸಲ ನಿಲ್ಲುತ್ತದೆ.
- ಹಿಡಿಕೆ ಸುಮ್ಮನೆ ತಿರುಗುತ್ತದೆ: ಮೊದಲು ಹಿಡಿಕೆಯ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಇಲ್ಲವಾದರೆ ಹಿಡಿಕೆ ಬಿಚ್ಚಿ, ಕಡ್ಡಿಯನ್ನು ಇಕ್ಕಳದಿಂದ ಮೆಲ್ಲಗೆ ತಿರುಗಿಸಿ. ನೀರು ಸರಿಯಾಗಿ ಬಂದು ನಿಂತರೆ ಒಳಗೆಲ್ಲ ಸರಿ ಇದೆ, ಹಿಡಿಕೆ ಮಾತ್ರ ಬದಲಿಸಿ.
- ತಿರುಗಿಸಲು ಬಹಳ ಬಿಗಿ: ಕರೆ ಕಟ್ಟಿದೆ. ಬಿಚ್ಚಿ ಸ್ವಚ್ಛ ಮಾಡಿ ನೋಡಿ, ಆಗದಿದ್ದರೆ ಬದಲಿಸಿ.
- ನೀರು ಸಣ್ಣಗೆ ಬರುತ್ತದೆ: ಇದು ಕಾರ್ಟ್ರಿಡ್ಜಿನ ದೋಷ ಆಗಿರಲಿಕ್ಕಿಲ್ಲ. ನಲ್ಲಿಯ ಮೂತಿಯ ಜಾಲರಿ ಅಥವಾ ಶವರಿನ ತೂತು ಕಟ್ಟಿರಬಹುದು. ಬಿಚ್ಚಿ, ಹುಣಸೆಹುಳಿಯ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬ್ರಷ್ಷಿನಿಂದ ತಿಕ್ಕಿ.
- ಶವರ್ ಬಂದ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಹನಿ ಬಿದ್ದು ನಿಲ್ಲುತ್ತದೆ: ಇದು ರೋಗವೇ ಅಲ್ಲ. ಮೇಲಿನ ಪೈಪಿನಲ್ಲಿ ಉಳಿದ ನೀರು ಇಳಿಯುತ್ತಿದೆ, ಅಷ್ಟೇ.

ಬೇಕಾಗುವ ಸಾಮಾನು

ಚಪ್ಪಟೆ ತುದಿಯ ಮತ್ತು ನಕ್ಷತ್ರ ತುದಿಯ ಸ್ಕ್ರೂಡ್ರೈವರ್, ಬಾಯಿ ಹಿಗ್ಗಿಸುವ ಸ್ಪ್ಯಾನರ್ ಎರಡು, ಇಕ್ಕಳ, ಆರು ಮೂಲೆಯ ಚಿಕ್ಕ ಅಲೆನ್ ಕೀಗಳ ಸೆಟ್, ಬಿಳಿ ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಷ್, ಹಳೆ ಬಟ್ಟೆ, ಒಂದು ಬಕೆಟ್. ಇದನ್ನು ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ಸಂಘಕ್ಕೆ ಒಂದು ಸೆಟ್ ಇದ್ದರೆ ಸಾಕು. ಇದರ ಬಗ್ಗೆ ಕೊನೆಯಲ್ಲಿ ಹೇಳಿದ್ದೇವೆ.

ಕೆಲಸಕ್ಕೆ ಮುಂಚೆ: ಮರೆಯಬಾರದ ನಾಲ್ಕು ಮಾತು

1. ನೀರು ಬಂದ್ ಮಾಡಿ. ಮನೆಯ ಟ್ಯಾಂಕಿನಿಂದ ಕೆಳಗೆ ಬರುವ ಪೈಪಿಗೆ ಗೇಟ್ ವಾಲ್ವ್ ಇರುತ್ತದೆ, ಅದನ್ನು ಬಂದ್ ಮಾಡಿ. ವಾಲ್ವ್ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಇರುವ ಸಮಯ ನೋಡಿಕೊಳ್ಳಿ. ಟ್ಯಾಂಕ್ ಇಲ್ಲದೆ ಬೀದಿಯ ಪೈಪಿನಿಂದಲೇ ನೇರವಾಗಿ ಬರುವ ನಲ್ಲಿಯಾದರೆ, ನೀರು ಯಾವಾಗ ಬಿಡುತ್ತಾರೆ ಎಂದು ನೀರುಗಂಟಿಯವರನ್ನು ಕೇಳಿಕೊಂಡೇ ಕೈ ಹಾಕಿ. ಬಿಚ್ಚಿಟ್ಟಾಗ ನೀರು ಬಂದುಬಿಟ್ಟರೆ ಮನೆಯೆಲ್ಲ ಕೆರೆ ಆದೀತು! ವಾಲ್ವ್ ಬಂದ್ ಮಾಡಿದ ಮೇಲೆ ನಲ್ಲಿ ತಿರುಗಿಸಿ, ಉಳಿದ ನೀರು ಪೂರ್ತಿ ಇಳಿಯಲು ಬಿಡಿ.

2. ಬಿಸಿನೀರಿನ ಬಗ್ಗೆ ಎಚ್ಚರ. ಗೀಸರ್ ಇದ್ದರೆ ಸ್ವಿಚ್ ಆರಿಸಿ, ನೀರು ಆರುವ ತನಕ ಕಾಯಿರಿ. ಸೋಲಾರ್ ಇದ್ದರೆ ಬಿಸಿನೀರು ಇಳಿಯುವ ಪೈಪಿನ ವಾಲ್ವನ್ನೂ ಬಂದ್ ಮಾಡಿ. ಸೋಲಾರ್ ನೀರು ಚರ್ಮ ಸುಲಿಯುವಷ್ಟು ಬಿಸಿ ಇರುತ್ತದೆ. ಈ ಕೆಲಸಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು.

3. ಬಚ್ಚಲಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಮೊದಲ ಸ್ಕ್ರೂ ಹೋಗಿ ಬೀಳುವುದು ಅಲ್ಲಿಗೇ.

4. ಬಿಚ್ಚಿದ ಭಾಗಗಳನ್ನು ಒಂದು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಜೋಡಿಸುವಾಗ ಕೊನೆಯದರಿಂದ ಶುರು ಮಾಡಿ.

ಹಿಡಿಕೆ ಬದಲಿಸುವುದು

ಹಿಡಿಕೆಯ ಮೇಲೆ ಒಂದು ಚಿಕ್ಕ ಮುಚ್ಚಳ ಅಥವಾ ಕೆಂಪು ನೀಲಿ ಗುಂಡಿ ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೀಟಿ ಎಬ್ಬಿಸಿ. ಒಳಗೆ ಸ್ಕ್ರೂ ಕಾಣುತ್ತದೆ, ಬಿಚ್ಚಿ. ಕೆಲವು ಹಿಡಿಕೆಗಳಿಗೆ ಸ್ಕ್ರೂ ಮಗ್ಗುಲಲ್ಲಿ ಅಥವಾ ಅಡಿಯಲ್ಲಿ ಇರುತ್ತದೆ, ಅದಕ್ಕೆ ಅಲೆನ್ ಕೀ ಬೇಕು. ಆಮೇಲೆ ಹಿಡಿಕೆಯನ್ನು ಅಲ್ಲಾಡಿಸುತ್ತಾ ನೇರವಾಗಿ ಎಳೆಯಿರಿ.

ಕರೆ ಕಟ್ಟಿ ಹಿಡಿದುಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಗೋಡೆಯೊಳಗಿನ ಪ್ಲಾಸ್ಟಿಕ್ ಪೈಪು ಸೀಳಿದರೆ ನಿಜವಾಗಿಯೂ ಟೈಲ್ಸ್ ಒಡೆಯಬೇಕಾಗುತ್ತದೆ. ಹುಣಸೆಹುಳಿಯ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಡಿಕೆಯ ಸುತ್ತ ಅರ್ಧ ಗಂಟೆ ಕಟ್ಟಿಡಿ. ಕರೆ ಸಡಿಲವಾಗುತ್ತದೆ. ಮತ್ತೆ ಅಲ್ಲಾಡಿಸಿ ಎಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ. ಅದು ನಲ್ಲಿಯ ಹೊಳಪನ್ನು ತಿನ್ನುತ್ತದೆ, ಕೈಯನ್ನೂ ಸುಡುತ್ತದೆ.

ಹೊಸ ಹಿಡಿಕೆ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಹಲ್ಲಿನ ಸಂಖ್ಯೆ, ತೂತಿನ ಅಗಲ ಎರಡೂ ಹೊಂದಬೇಕು. ಕಡ್ಡಿಯ ತುದಿ ಚೌಕವಾಗಿದ್ದರೆ ಚೌಕ ತೂತಿನ ಹಿಡಿಕೆಯೇ ಬೇಕು. ಮನೆಯಲ್ಲಿ ವಯಸ್ಸಾದವರು ಇದ್ದರೆ ಗುಂಡು ಹಿಡಿಕೆಯ ಬದಲು ಅದೇ ಅಳತೆಯ ಉದ್ದನೆಯ ಹಿಡಿಕೆ ಕೇಳಿ. ಬೆರಳಿನಿಂದ ಹಿಡಿಯಬೇಕಾಗಿಲ್ಲ, ಅಂಗೈಯಿಂದ ತಳ್ಳಿದರೂ ನೀರು ನಿಲ್ಲುತ್ತದೆ.

ಹಳೆ ಸ್ಕ್ರೂ ನಲ್ಲಿಯ ವಾಷರ್ ಬದಲಿಸುವುದು

ಹಿಡಿಕೆ ತೆಗೆಯುವ ಮುಂಚೆಯೇ ನಲ್ಲಿಯನ್ನು ಅರ್ಧ ತೆರೆದಿಡಿ. ವಾಷರ್ ಒತ್ತಿಕೊಂಡಿದ್ದರೆ ಬಿಚ್ಚಲು ಕಷ್ಟ. ಹಿಡಿಕೆ ತೆಗೆದ ಮೇಲೆ ಕಡ್ಡಿ ಕೂತಿರುವ ದೊಡ್ಡ ನಟ್ಟನ್ನು ಸ್ಪ್ಯಾನರಿನಿಂದ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ. ಆಗ ಇನ್ನೊಂದು ಸ್ಪ್ಯಾನರಿನಿಂದ ನಲ್ಲಿಯ ಮೈಯನ್ನು ಅಲ್ಲಾಡದಂತೆ ಹಿಡಿದಿರಬೇಕು. ಎರಡು ಸ್ಪ್ಯಾನರ್ ಹೇಳಿದ್ದು ಇದಕ್ಕೇ. ಮೈಗೆ ಬಟ್ಟೆ ಸುತ್ತಿ ಹಿಡಿದರೆ ಗೀರು ಬೀಳುವುದಿಲ್ಲ.

ಕಡ್ಡಿ ಹೊರಗೆ ಬಂದಾಗ ತುದಿಯಲ್ಲಿ ವಾಷರ್ ಕಾಣುತ್ತದೆ. ಕೆಲವು ಸಲ ಅದು ನಲ್ಲಿಯ ಒಳಗೇ ಉಳಿದಿರುತ್ತದೆ, ಇಕ್ಕಳದಿಂದ ತೆಗೆಯಿರಿ. ಹಳೆಯದರಷ್ಟೇ ಅಗಲದ ಹೊಸ ವಾಷರ್ ಹಾಕಿ. ಇದಕ್ಕೆ ಬೀಳುವ ಖರ್ಚು ಕೆಲವೇ ರೂಪಾಯಿ. ಜೋಡಿಸುವ ಮುಂಚೆ ವಾಷರ್ ಕೂರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ನುಣುಪಾಗಿದ್ದರೆ ಸರಿ. ಗುಂಡಿ ಬಿದ್ದು ಒರಟಾಗಿದ್ದರೆ ಹೊಸ ವಾಷರ್ ಹೆಚ್ಚು ದಿನ ಬಾಳುವುದಿಲ್ಲ. ಅಂಥ ನಲ್ಲಿಯನ್ನು ಮಾತ್ರ ಪೂರ್ತಿ ಬದಲಿಸುವುದು ಲೇಸು. ಹೊಸ ಸ್ಕ್ರೂ ನಲ್ಲಿ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. ಹಿತ್ತಾಳೆಯ ಸ್ಕ್ರೂ ನಲ್ಲಿಗೆ ಐಎಸ್ 781 ಎಂಬ ಸಂಖ್ಯೆ ಇರುತ್ತದೆ.

ಕಾಲು ಸುತ್ತಿನ ಕಾರ್ಟ್ರಿಡ್ಜ್ ಬದಲಿಸುವುದು

ಹಿಡಿಕೆ ತೆಗೆದು, ಅದರ ಹಿಂದಿನ ಹೊಳಪಿನ ಕವಚವನ್ನು ಕೈಯಿಂದ ಬಿಚ್ಚಿ. ಒಳಗೆ ಹಿತ್ತಾಳೆಯ ಆರು ಮೂಲೆಯ ನಟ್ಟು ಕಾಣುತ್ತದೆ. ಅದೇ ಕಾರ್ಟ್ರಿಡ್ಜಿನ ಸೊಂಟ. ಮೇಲೆ ಹೇಳಿದಂತೆ ನಲ್ಲಿಯ ಮೈ ಹಿಡಿದುಕೊಂಡು ಎಡಕ್ಕೆ ತಿರುಗಿಸಿದರೆ ಪೂರ್ತಿ ಕಾರ್ಟ್ರಿಡ್ಜ್ ಹೊರಗೆ ಬರುತ್ತದೆ.

ಕೂಡಲೇ ಎಸೆಯಬೇಡಿ. ಅಡಿಯ ರಬ್ಬರ್ ಉಂಗುರ ಚಪ್ಪಟೆಯಾಗಿದೆಯೇ, ಒಳಗೆ ಮರಳು ಸಿಕ್ಕಿಕೊಂಡಿದೆಯೇ ನೋಡಿ. ತೊಳೆದು ಹಾಕಿದರೇ ಕೆಲವು ಸಲ ಸೋರುವುದು ನಿಲ್ಲುತ್ತದೆ. ನಿಲ್ಲದಿದ್ದರೆ ಅದನ್ನೇ ಚೀಲಕ್ಕೆ ಹಾಕಿಕೊಂಡು ದಾವಣಗೆರೆಗೆ ಬಸ್ಸೋ ರೈಲೋ ಹತ್ತಿ. ಅಂಗಡಿಯವರಿಗೆ ಬಾಯಲ್ಲಿ ವಿವರಿಸಿದರೆ ತಪ್ಪು ಸಾಮಾನು ಬರುತ್ತದೆ, ಮತ್ತೆ ಬಸ್ ಚಾರ್ಜು ದಂಡ. ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಈ ಐದನ್ನು ನೋಡಿ:

1. ಒಟ್ಟು ಉದ್ದ ಒಂದೇ ಇದೆಯೇ?
2. ನಟ್ಟಿನ ಕೆಳಗಿನ ಸ್ಕ್ರೂ ಮರೆಯ ದಪ್ಪ ಒಂದೇ ಇದೆಯೇ?
3. ಕಡ್ಡಿಯ ತುದಿಯ ಹಲ್ಲು ಎಷ್ಟು? ಎಣಿಸಿ. 20 ಹಲ್ಲಿನದು ಬಹಳ ಸಿಗುತ್ತದೆ, ಆದರೆ ಎಲ್ಲ ನಲ್ಲಿಗೂ ಅದೇ ಅಲ್ಲ.
4. ಬಲಕ್ಕೆ ತಿರುಗಿಸಿದರೆ ಬಂದ್ ಆಗುತ್ತದೋ, ಎಡಕ್ಕೋ? ವಾಲ್ ಮಿಕ್ಸರಿನಲ್ಲಿ ಬಿಸಿನೀರಿನ ಕಡೆಯದು ಮತ್ತು ತಣ್ಣೀರಿನ ಕಡೆಯದು ಎದುರುಬದುರಾಗಿ ತಿರುಗುವುದುಂಟು.
5. ಅಡಿಯಲ್ಲಿ ರಬ್ಬರ್ ಇದೆಯೇ?

ಹೊಸದನ್ನು ಹಾಕುವ ಮುಂಚೆ ನಲ್ಲಿಯ ಒಳಭಾಗವನ್ನು ಬ್ರಷ್ಷಿನಿಂದ ತಿಕ್ಕಿ. ಬಕೆಟ್ ಹಿಡಿದು ವಾಲ್ವನ್ನು ಕ್ಷಣಮಾತ್ರ ಸ್ವಲ್ಪವೇ ತೆರೆದು ಮುಚ್ಚಿ, ಮರಳು ಕಸ ಹೊರಗೆ ಬರಲಿ. ಬಿಸಿನೀರಿನ ಕಡೆಗೆ ಹೀಗೆ ಮಾಡಬೇಡಿ. ಕಾರ್ಟ್ರಿಡ್ಜನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ ಕೂರಿಸಿ. ಓರೆಯಾಗಿ ಹತ್ತಿದರೆ ಮರೆ ಕೆಡುತ್ತದೆ. ಕೊನೆಗೆ ಸ್ಪ್ಯಾನರಿನಿಂದ ಸ್ವಲ್ಪ ಮಾತ್ರ ಬಿಗಿ ಮಾಡಿ. ಕಾರ್ಟ್ರಿಡ್ಜಿಗೆ ಟೆಫ್ಲಾನ್ ಟೇಪ್ ಬೇಕಾಗಿಲ್ಲ, ಅದರ ರಬ್ಬರೇ ನೀರು ತಡೆಯುತ್ತದೆ. ಟೇಪ್ ಬೇಕಾಗುವುದು ಶವರಿನ ತಲೆ ಅಥವಾ ಪೂರ್ತಿ ನಲ್ಲಿಯನ್ನು ಪೈಪಿಗೆ ಕೂರಿಸುವಾಗ. ರಬ್ಬರಿಗೆ ಅಡುಗೆ ಎಣ್ಣೆ, ಸೀಮೆಎಣ್ಣೆ, ಗಾಡಿ ಗ್ರೀಸು ಯಾವುದನ್ನೂ ಹಚ್ಚಬೇಡಿ, ರಬ್ಬರ್ ಉಬ್ಬಿ ಕೆಡಬಹುದು.

ಒಂದೇ ಹಿಡಿಕೆಯ ಮಿಕ್ಸರ್

ಕೆಂಪು ನೀಲಿ ಗುಂಡಿ ಎಬ್ಬಿಸಿ, ಒಳಗಿನ ಚಿಕ್ಕ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲ ಮಾಡಿ, ಹಿಡಿಕೆ ಎತ್ತಿ. ಗುಮ್ಮಟದಂಥ ಕವಚ ಬಿಚ್ಚಿ. ಅದರಡಿಯ ಉಂಗುರದ ನಟ್ಟು ಬಿಚ್ಚಿದರೆ ಕಾರ್ಟ್ರಿಡ್ಜ್ ನೇರವಾಗಿ ಮೇಲೆ ಬರುತ್ತದೆ. ಇದರ ಅಡಿಯಲ್ಲಿ ಎರಡು ಪುಟ್ಟ ಮೊಳಕೆಗಳಿರುತ್ತವೆ. ಅವು ನಲ್ಲಿಯ ಎರಡು ಗುಳಿಗಳಲ್ಲಿ ಸರಿಯಾಗಿ ಕೂತ ಮೇಲೆಯೇ ನಟ್ಟು ಬಿಗಿ ಮಾಡಿ. ಅವು ಕೂರದೆ ಬಿಗಿ ಮಾಡಿದರೆ ಹೊಸ ಕಾರ್ಟ್ರಿಡ್ಜೂ ಸೋರುತ್ತದೆ.

ಪರೀಕ್ಷೆ ಮಾಡಿ

ನಲ್ಲಿ ಬಂದ್ ಇರಲಿ, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಆಮೇಲೆ ನಲ್ಲಿ ಬಿಟ್ಟು ಗಾಳಿ ಹೊರಗೆ ಹೋಗಲು ಬಿಡಿ. ಗೀಸರ್ ಇರುವವರು ಬಿಸಿನೀರಿನ ನಲ್ಲಿಯಿಂದ ನೀರು ಸತತವಾಗಿ ಬಂದ ಮೇಲೆಯೇ ಸ್ವಿಚ್ ಹಾಕಬೇಕು. ನೀರಿಲ್ಲದೆ ಉರಿದರೆ ಗೀಸರಿನ ಕಾಯಿಲ್ ಸುಟ್ಟು ಹೋಗುತ್ತದೆ. ಕೊನೆಗೆ ನಲ್ಲಿಯ ಮೈ ಒರೆಸಿ, ಹಿಡಿಕೆಯ ಬುಡಕ್ಕೆ ಒಣ ಕಾಗದ ಸುತ್ತಿ ಹತ್ತು ನಿಮಿಷ ಬಿಡಿ. ಕಾಗದ ಒದ್ದೆಯಾಗದಿದ್ದರೆ ನಿಮ್ಮ ಕೆಲಸ ಪಾಸು.

ಇವಕ್ಕೆ ನಾವು ಕೈ ಹಾಕಬಾರದು

ಎಲ್ಲ ನಲ್ಲಿ ಬಂದ್ ಇದ್ದರೂ ಗೋಡೆ ತೇವವಾಗಿದ್ದರೆ, ನಟ್ಟು ತಿರುಗಿಸಿದಾಗ ಗೋಡೆಯೊಳಗಿನ ಪೈಪೇ ಜೊತೆಗೆ ತಿರುಗಿದರೆ, ನಲ್ಲಿಯ ಮೈ ಬಿರುಕು ಬಿಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ. ನೀರು ಬಿಟ್ಟಾಗ ಕೈಗೆ ಕರೆಂಟು ಜುಮ್ಮೆಂದರೆ ಗೀಸರಿನ ಮೇನ್ ಸ್ವಿಚ್ ಆರಿಸಿ, ನಲ್ಲಿ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಬರಲಿ. ಬೀದಿಯ ಪೈಪು, ಮೀಟರು ಇವು ಪಂಚಾಯಿತಿಯವು. ಅಲ್ಲಿ ಸೋರಿಕೆ ಕಂಡರೆ ನೀರುಗಂಟಿಯವರಿಗೂ ಪಂಚಾಯಿತಿಗೂ ತಿಳಿಸಿ.

ಜಲ ಜೀವನ್ ಮಿಷನ್ ನಿಯಮದಂತೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ತಿಳಿದುಕೊಳ್ಳಿ. ಮನೆಯ ನಲ್ಲಿ ತಾನೇ ರಿಪೇರಿ ಮಾಡಬಲ್ಲವಳು ಅಲ್ಲಿ ಕುಳಿತು ಬೀದಿ ನಲ್ಲಿಯ ಬಗ್ಗೆಯೂ ಧೈರ್ಯವಾಗಿ ಮಾತಾಡಬಲ್ಲಳು.

ಸ್ವಲ್ಪ ಚಿಂತನೆ

ಯೊವಾನ್ನರ ಶುಭಸಂದೇಶದಲ್ಲಿ ಪ್ರಭು ಯೇಸು ಐದು ರೊಟ್ಟಿ ಎರಡು ಮೀನಿನಿಂದ ಐದು ಸಾವಿರ ಜನರಿಗೆ ಊಟ ಕೊಟ್ಟ ಪ್ರಸಂಗ ಇದೆ. ಎಲ್ಲರೂ ತೃಪ್ತಿಯಾಗಿ ಉಂಡ ಮೇಲೆ ಯೇಸು, ಉಳಿದ ಚೂರುಗಳನ್ನು ಪೋಲಾಗದಂತೆ ಕೂಡಿಸಲು ಶಿಷ್ಯರಿಗೆ ಹೇಳುತ್ತಾರೆ. ಹನ್ನೆರಡು ಪುಟ್ಟಿ ತುಂಬುತ್ತವೆ. ಕೊಡುವ ಶಕ್ತಿ ಇದ್ದವರೇ ಚೂರನ್ನೂ ಕೂಡಿಸಲು ಹೇಳಿದರು. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಕುಡಿಯುವ ಶುದ್ಧ ನೀರು ಪ್ರತಿ ಮನುಷ್ಯನ ಮೂಲಭೂತ ಹಕ್ಕು ಎಂದಿದ್ದಾರೆ. ನಮ್ಮ ಜಿಲ್ಲೆಯ ಸೂಳೆಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂದು ಜನ ಇಂದಿಗೂ ಹೇಳುತ್ತಾರೆ. ನಮ್ಮ ನಮ್ಮ ಧರ್ಮ ಯಾವುದೇ ಇರಲಿ, ನೀರನ್ನು ಚೆಲ್ಲು ಎಂದು ಯಾವ ಧರ್ಮವೂ ಹೇಳಿಲ್ಲ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ನಲ್ಲಿ ಸೋರುತ್ತಿದೆ? ಎಷ್ಟು ದಿನದಿಂದ?
2. ಮುಂದಿನ ವಾರದೊಳಗೆ ಒಂದು ಗಂಟೆಯ ಅಳತೆ ಮಾಡಿ ಬನ್ನಿ. ಎಲ್ಲರದನ್ನೂ ಕೂಡಿಸಿದರೆ ತಿಂಗಳಿಗೆ ಎಷ್ಟು ಕೊಡ?
3. ನಿಮ್ಮ ಬಚ್ಚಲಿನ ನಲ್ಲಿಯನ್ನು ಮನೆಯ ಹಿರಿಯರು, ಮಕ್ಕಳು ಸುಲಭವಾಗಿ ಬಂದ್ ಮಾಡಬಲ್ಲರೇ? ಅವರನ್ನು ಕೇಳಿದ್ದೀರಾ?
4. ಸಂಘದ ಹಣದಿಂದ ಒಂದು ಸಾಮಾನು ಪೆಟ್ಟಿಗೆ ಕೊಳ್ಳಬಹುದೇ? ಯಾರ ಮನೆಯಲ್ಲಿ ಇಡುವುದು? ಒಯ್ದವರು, ತಂದವರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.
5. ಈ ಕೆಲಸ ಚೆನ್ನಾಗಿ ಕಲಿತ ಒಬ್ಬಿಬ್ಬರು ಸದಸ್ಯರು ಊರಿನವರ ನಲ್ಲಿ ರಿಪೇರಿ ಮಾಡಿ ನ್ಯಾಯವಾದ ಕೂಲಿ ಪಡೆಯಬಹುದಲ್ಲವೇ?

ಚರ್ಚೆಯ ನಂತರ ತೆಗೆದುಕೊಂಡ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

ಕೊನೆಗೆ ಆ ಮನೆಯ ಮಾತು. ಆ ಸಹೋದರಿ ಹಳೆ ಹಿಡಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ದಾವಣಗೆರೆಗೆ ಹೋಗಿ, ಹಲ್ಲು ಎಣಿಸಿ, ಉದ್ದನೆಯ ಹಿಡಿಕೆ ತಂದರು. ಕೂರಿಸಿದ್ದೂ ಅವರೇ. ಅತ್ತೆಯನ್ನು ಕರೆದು, "ನೀವೇ ತಿರುಗಿಸಿ ನೋಡ್ರಿ" ಅಂದರಂತೆ. ಅಜ್ಜಿ ಅಂಗೈಯಿಂದ ತಳ್ಳಿದರು, ನೀರು ಬಂತು. ಮತ್ತೆ ತಳ್ಳಿದರು, ನಿಂತಿತು. ನಾಲ್ಕೈದು ಸಲ ಹಾಗೇ ಮಾಡಿ ನೋಡಿದರಂತೆ. ಗೋಡೆಯ ಮೊಳೆ ಇನ್ನೂ ಇದೆ. ಈಗ ಅದಕ್ಕೆ ಟವಲ್ಲು ನೇತು ಹಾಕುತ್ತಾರೆ.